ಬೆಳಕಿಂಡಿಯಿಂದ ಹೋದ ಘಾಟು

ಬೆಳಗ್ಗೆ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಒಣಮೆಣಸಿನಕಾಯಿ ಸುಟ್ಟ ಘಾಟು ಬಂದು ಮೂಗಿಗೆ ಹೊಡೆಯಿತು ನೋಡಿ, ಅಂಥಿಂಥ ಕೆಮ್ಮಲ್ಲ, ಕಣ್ಣಲ್ಲಿ ನೀರು, ಕೈಯಲ್ಲಿದ್ದ ಸೀರೆ ನೆಲಕ್ಕೆ. ತಲೆಯೆತ್ತಿದರೆ ನಮ್ಮದೇ ಅಡುಗೆಮನೆಯ ಗೋಡೆಯಿಂದ ಹೊರಗೆ ಚಾಚಿದ ಚಿಮಣಿಯ ಕೊಳವೆ. ಜೋರಾಪುರ ಪೇಟೆಯ ಈ ಹಳೇ ಮನೆಗೆ ಮಗ ಹೋದ ವರ್ಷ ಹಾಕಿಸಿದ್ದು. ಒಳಗಿನ ಹೊಗೆಯನ್ನೆಲ್ಲ ಹೀರಿ, ಬಟ್ಟೆ ಒಣಹಾಕುವ ಮುದುಕಿಯ ಮುಖಕ್ಕೆ ಊದುವುದು ಅದರ ಉದ್ಯೋಗ.

ಅಷ್ಟರಲ್ಲಿ ಸೊಸೆ ಅಶ್ವಿನಿ ಹಿತ್ತಲ ಬಾಗಿಲಿಗೆ ಬಂದಳು. ಮುಖ ಬಿಳಿಚಿಕೊಂಡಿತ್ತು.

"ಅತ್ತಿ, ನಿನ್ನೆಯಿಂದ ಕೂಸು ಒಂದೇ ಸವನ ಅಳಾಕತ್ತೈತಲ್ರಿ. ಮೆಣಸಿನಕಾಯಿ ಇಳಿ ತಗದು ಗ್ಯಾಸಿನ ಮ್ಯಾಲ ಸುಟ್ಟೆ. ಒಂದೀಟೂ ಘಾಟು ಬರಲಿಲ್ರಿ. ಖರೇನ ನದರ ಆಗೇತಿ."

ನದರ ಅಂದರೆ ದೃಷ್ಟಿ. ನಮ್ಮ ಕಡೆ ಇದರ ಕಾಯಿದೆ ಬಹಳ ಸರಳ. ಮೆಣಸಿನಕಾಯಿಯನ್ನು ಕೂಸಿಗೆ ಇಳಿ ತೆಗೆದು, ಅಂದರೆ ನಿವಾಳಿಸಿ, ಸುಡಬೇಕು. ಮನೆಮಂದಿ ಕೆಮ್ಮಿದರೆ ನದರ ಇಲ್ಲ. ಯಾರೂ ಕೆಮ್ಮದಿದ್ದರೆ ಯಾರದೋ ಕಣ್ಣು ಬಿದ್ದಿದೆ. ಆಮೇಲೆ ಆ ಯಾರು ಯಾರು ಅಂತ ಹುಡುಕಬೇಕು. ಅಶ್ವಿನಿಗೆ ಹುಡುಕುವ ಕಷ್ಟವೂ ಇರಲಿಲ್ಲ.

"ಮ್ಯಾಲಿನ ಶೈಲಾ ಮೇಡಮ್ಮರ ಕೈಯಾಗ ಇನ್ನ ಕೂಸು ಕೊಡೂದು ಬ್ಯಾಡ್ರಿ" ಎಂದಳು.

ಶೈಲಾ ಇಟ್ಟಂಗಿಹಾಳದವಳು, ಸಾಲಿ ಮಾಸ್ತರಿಣಿ, ನಮ್ಮ ಮೇಲ್ಮನೆಯಲ್ಲಿ ಗಂಡನೊಡನೆ ಬಾಡಿಗೆಗಿದ್ದಾಳೆ. ಮಕ್ಕಳಾಗಿಲ್ಲ. ಸಂಜೆ ಸಾಲಿಯಿಂದ ಬಂದವಳು ಮೊದಲು ಕೈಕಾಲು ತೊಳೆದು ನನ್ನ ಮೊಮ್ಮಗನನ್ನು ಎತ್ತಿಕೊಳ್ಳುತ್ತಾಳೆ, ಆಮೇಲೆ ತನ್ನ ಮನೆಯ ಬೀಗ ತೆಗೆಯುತ್ತಾಳೆ. ದಿನದಲ್ಲಿ ಅವಳು ನಗುವುದು ಆಗ ಮಾತ್ರ ಎಂದು ನನಗೆ ಗೊತ್ತು. ಮೊನ್ನೆ "ಏನ್ ಗುಂಡ್ ಗುಂಡಗ ಆಗ್ಯಾನ್ರಿ!" ಅಂದಿದ್ದಳು. ಅದೇ ತಪ್ಪಾಯಿತು.

ನನಗೆ ನಗೆಯೂ ಬಂತು, ಹೆದರಿಕೆಯೂ ಆಯಿತು. ಏಕೆಂದರೆ ಹೀಗೆ ಹೊರಗೆ ನಿಂತು ಕೆಮ್ಮಿದ್ದು ಇದು ಮೊದಲ ಸಲವಲ್ಲ.

ಜೈನಾಪುರದಲ್ಲಿ ನಮ್ಮ ಆಯಿಯ, ಅಂದರೆ ಅವ್ವನ ಅವ್ವನ ಮನೆ. ಮಣ್ಣಿನ ಮಾಳಿಗೆ, ಒಲೆಯ ನೆತ್ತಿಗೆ ಸರಿಯಾಗಿ ಬೆಳಕಿಂಡಿ. ಅವ್ವ ನನ್ನ ತಮ್ಮನನ್ನು ಹಡೆದದ್ದು ಅಲ್ಲೇ. ಕೂಸಿಗೆ ಎರೆಯಲು ನೀಲವ್ವ ಬರುತ್ತಿದ್ದಳು. ಆಕೆ ಎರೆಯುವುದನ್ನು ನೀವು ನೋಡಬೇಕಿತ್ತು. ಬಚ್ಚಲಲ್ಲಿ ಎರಡೂ ಕಾಲು ಚಾಚಿ ಕೂತು, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ, ಮೂಗು ನೀವಿ, ಬಿಸಿನೀರು ಹೊಯ್ಯುವಾಗ ತನ್ನ ಕೈಯನ್ನೇ ಕೂಸಿನ ಹಣೆಗೆ ಒಡ್ಡಾಗಿ ಹಿಡಿಯುತ್ತಿದ್ದಳು. ಕಣ್ಣಿಗೊಂದು ಹನಿ ಹೋಗುತ್ತಿರಲಿಲ್ಲ. ಆಕೆ ಹಡೆದದ್ದು ಒಂದೂ ಉಳಿದಿರಲಿಲ್ಲ. ನಮ್ಮ ಅವ್ವನೂ ಆ ಕಾಲಿನ ಮೇಲೆ ಮಲಗಿ ಎರೆಸಿಕೊಂಡವಳೇ, ನಾನೂ ಅಷ್ಟೇ. ಈ ಮೂಗು ಇಷ್ಟಾದರೂ ನೆಟ್ಟಗಿದ್ದರೆ ಅದು ನೀಲವ್ವನ ಪುಣ್ಯ.

ತಮ್ಮ ಒಮ್ಮೆಲೇ ಮೊಲೆ ಬಿಟ್ಟ. ಬರೀ ಚೀರಾಟ. ಆಯಿ ಮೆಣಸಿನಕಾಯಿ ಇಳಿ ತೆಗೆದು ಒಲೆಗೆ ಹಾಕಿದಳು. ಒಳಗೆ ಯಾರೂ ಕೆಮ್ಮಲಿಲ್ಲ. ಕೆಮ್ಮಿದವಳು ನಾನು! ಮಾಳಿಗೆಯ ಮೇಲೆ ಸಂಡಿಗೆ ಕಾಯುತ್ತ ಬೆಳಕಿಂಡಿಯ ಬದಿಗೇ ಕೂತಿದ್ದೆ. ಘಾಟೆಲ್ಲ ನೆಟ್ಟಗೆ ನನ್ನ ಗಂಟಲಿಗೇ ಬಂತು. ಓಡಿ ಇಳಿದು, "ಆಯಿ, ಹೊಗಿ ಎಲ್ಲಾ ಮ್ಯಾಲ ಬಂತು, ನಾ ಕೆಮ್ಮೀನಿ" ಅಂದೆ. "ನಿನಗ ನೆಗಡಿ ಆಗೇತಿ, ಸುಮ್ಕ ಕುಂದ್ರ" ಅಂದಳು ಆಯಿ. ಮಾಳಿಗೆಯ ಮೇಲಿನ ಕೆಮ್ಮು ಕಾಯಿದೆಯಲ್ಲಿ ಇರಲಿಲ್ಲ.

ನೆರೆಮನೆಯ ಕಮಲವ್ವ ಕೂತಲ್ಲೇ ತೀರ್ಪು ಕೊಟ್ಟಳು: "ಹೋದ ವರ್ಷ ನನ್ನ ಮೊಮ್ಮಗಳು ಜಡ್ಡಿಗೆ ಬಿತ್ತು, ಅದಕ್ಕೂ ಎರದಾಕಿ ನೀಲವ್ವನ. ಬಂಜಿ ಕಣ್ಣು ಬೇ ಅದು." ಊರ ಕೂಸುಗಳೆಲ್ಲ ಎರೆಸಿಕೊಂಡದ್ದು ನೀಲವ್ವನ ಕೈಯಲ್ಲಿ ಅಂದಮೇಲೆ ಜಡ್ಡಾದ ಕೂಸೂ ಆ ಕೈಯದೇ ಆಗಬೇಕಲ್ಲ? ಗಟ್ಟಿಮುಟ್ಟಾಗಿ ಓಡಾಡುವ ಹುಡುಗರ ಲೆಕ್ಕ ಯಾರೂ ಹಿಡಿಯಲಿಲ್ಲ. ನದರ ಹಾಕಿದವರ ಕಾಲ ಮಣ್ಣನ್ನು ಅವರಿಗೆ ತಿಳಿಯದಂತೆ ತಂದು ಸುಟ್ಟರೆ ನದರ ಇಳಿಯುತ್ತದಂತೆ. ಮರುದಿನ ಹಾಗೇ ಮಾಡುವುದೆಂದು ಆಯಿ, ಕಮಲವ್ವ ಮಾತಾಡಿಕೊಂಡರು.

ಮರುದಿನ ನೀಲವ್ವ ಬಂದಾಗ ಹಂಡೆಯ ಕೆಳಗೆ ಉರಿ ಇರಲಿಲ್ಲ. ಕೂಸು ಒಳಗೆ, ಬಾಗಿಲು ಅರ್ಧ ಮುಚ್ಚಿತ್ತು. ಆಕೆ ತಣ್ಣನೆಯ ಹಂಡೆಯನ್ನು ನೋಡಿದಳು, ಆಯಿಯನ್ನು ನೋಡಿದಳು. ಹಿಂದೆ ತಿರುಗಿದರೆ ಕಮಲವ್ವ ಬಗ್ಗಿ ಹೆಜ್ಜೆಯ ಮಣ್ಣು ಬಳಿಯುತ್ತಿದ್ದಳು. ನಾನು ಕಂಬ ಹಿಡಿದು ನಿಂತಿದ್ದೆ. ಈಗ ಬೈಗುಳದ ಮಳೆ ಅಂದುಕೊಂಡೆ.

ನೀಲವ್ವ ಕಟ್ಟೆಯ ಮೇಲೆ ಕೂತು ಒಂದು ಕಾಲೆತ್ತಿ, ಅಂಗಾಲಿನ ಮಣ್ಣನ್ನು ತಾನೇ ಕೈಯಿಂದ ಉಜ್ಜಿ ತೆಗೆದು ಆಯಿಯ ಅಂಗೈಗೆ ಹಾಕಿದಳು.

"ಕಳುವು ಯಾಕ ಮಾಡ್ತೀರಿ ಬೇ? ಕೇಳಿದ್ರ ಕೊಡ್ತಿದ್ದಿಲ್ಲೇನು? ಸುಡು. ಕೂಸು ಆರಾಮ ಆದ್ರ ನನಗೂ ಅಷ್ಟ ಬೇಕಾಗೇತಿ."

ಆಯಿ ಅಂಗೈಯನ್ನು ಮುಚ್ಚಲೂ ಇಲ್ಲ, ಕೊಡವಲೂ ಇಲ್ಲ. ಆಗ ಅರ್ಧ ಮುಚ್ಚಿದ ಬಾಗಿಲು ಪೂರ್ತಿ ತೆರೆಯಿತು. ಹೊಸ್ತಿಲು ದಾಟಬಾರದ ಬಾಣಂತಿ, ಕಿವಿಗೆ ಹತ್ತಿ, ತಲೆಗೆ ಬಟ್ಟೆ ಸುತ್ತಿದ ನಮ್ಮ ಅವ್ವ, ಚೀರುವ ಕೂಸನ್ನು ಎತ್ತಿಕೊಂಡು ಬಿಸಿಲಿಗೆ ಬಂದಳು. ಯಾರೊಂದಿಗೂ ವಾದ ಮಾಡಲಿಲ್ಲ. ನೀಲವ್ವನ ಕಾಲಿನ ಮೇಲೆ ಕೂಸನ್ನು ಮಲಗಿಸಿ, "ನೀರು ಕಾಯೂತನ ಎಣ್ಣಿ ಹಚ್ಚವಾ" ಎಂದಳು.

ಅವ್ವನಿಗೆ ನದರದ ಹೆದರಿಕೆ ಇರಲಿಲ್ಲ ಅಂತಲ್ಲ; ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು ಇಟ್ಟೇ ಹೊರಗೆ ತಂದಿದ್ದಳು. ಆಯಿ ಎದ್ದು ಬಚ್ಚಲಿಗೆ ಹೋಗಿ ಹಂಡೆಗೆ ಉರಿ ಹಾಕಿದಳು. ಆ ಮಣ್ಣು ಏನಾಯಿತೋ ಗೊತ್ತಾಗಲಿಲ್ಲ.

ಎಣ್ಣೆ ಹಚ್ಚುವಾಗ ಬಲಗಿವಿ ಮುಟ್ಟಿದರೆ ಕೂಸು ಇನ್ನೂ ಜೋರಾಗಿ ಚೀರುತ್ತಿತ್ತು. ಬಬಲೇಶ್ವರದ ಡಾಕ್ಟರು ಕಿವಿಯೊಳಗೆ ಬಾತಿದೆ ಅಂದು ಔಷಧ ಕೊಟ್ಟರು. ಆ ಕಿವಿಯ ಒಡೆಯ ಈಗ ಬಬಲೇಶ್ವರದಲ್ಲೇ ಅಂಗಡಿ ಇಟ್ಟಿದ್ದಾನೆ, ಹೆಂಡತಿಯ ಮಾತು ಬಿಟ್ಟು ಉಳಿದದ್ದೆಲ್ಲ ಚೆನ್ನಾಗಿ ಕೇಳಿಸುತ್ತದೆ. ಆದರೆ ಕತೆ ಸುಖವಾಗಿ ಮುಗಿಯಿತು ಅನ್ನಲಾರೆ. ಕೂಸಿನ ಜಡ್ಡು ವಾಸಿಯಾಯಿತು, ನೀಲವ್ವನ ಮೇಲೆ ಬಂದ ಮಾತು ವಾಸಿಯಾಗಲಿಲ್ಲ. ಎಷ್ಟೋ ಮನೆಗಳು ಆಕೆಯನ್ನು ಕರೆಯುವುದನ್ನೇ ಬಿಟ್ಟವು. ಕೂಸುಗಳಿಲ್ಲದೆ ಆ ಕಾಲುಗಳು ಸುಮ್ಮನೆ ಕಟ್ಟೆಯ ಮೇಲೆ ಚಾಚಿಕೊಂಡಿರುತ್ತಿದ್ದವು.

ಮುಂದೆ ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದೆ. ದೂರದ ದೇಶಗಳಲ್ಲಿ ಮಾಟಗಾತಿಯರೆಂದು ಹೆಂಗಸರನ್ನು ಕಟ್ಟಿ ನೀರಿಗೆ ಬಿಡುತ್ತಿದ್ದರು. ಮುಳುಗಿದರೆ ನಿರಪರಾಧಿ, ತೇಲಿದರೆ ಅಪರಾಧಿ. ಹುಡುಗಿಯರು ಗೊಳ್ಳೆಂದು ನಗುತ್ತಿದ್ದರು. ಒಂದು ವರ್ಷ ತಿಕೋಟಾದ ಹುಡುಗಿಯೊಬ್ಬಳು ಎದ್ದು, "ಮೇಡಂ, ನಮ್ಮ ಮನ್ಯಾಗ ಮೆಣಸಿನಕಾಯಿ ಸುಟ್ಟು ನೋಡ್ತಾರಲ್ರಿ, ಅದೂ ಹಂಗ ಏನ್ರಿ?" ಎಂದು ಕೇಳಿದಳು. ನಗು ನಿಂತಿತು. ನಾನೂ ಪುಸ್ತಕ ಮುಚ್ಚಿದೆ.

ಇದನ್ನೆಲ್ಲ, ಈಗ ಹಿತ್ತಲಲ್ಲಿ ಕೆಮ್ಮಿದ್ದನ್ನೂ ಸೇರಿಸಿ, ಅಶ್ವಿನಿಗೆ ಹೇಳುತ್ತ ಅಡುಗೆಮನೆಗೆ ಬಂದೆ. ಚಿಮಣಿ ಇನ್ನೂ ಗುಂಯ್‌ಗುಡುತ್ತಿತ್ತು. ಅದನ್ನು ಆರಿಸಿ ಇನ್ನೊಮ್ಮೆ ಮೆಣಸಿನಕಾಯಿ ಸುಟ್ಟು, ಮನೆಮಂದಿಯೆಲ್ಲ ಕೆಮ್ಮುವಂತೆ ಮಾಡಿ ಶೈಲಾಳನ್ನು ಗೆಲ್ಲಿಸಬೇಕು ಎಂದು ಗುಂಡಿಗೆ ಕೈ ಹಾಕಿದೆ. ಕೈ ಅಲ್ಲೇ ನಿಂತಿತು. ಇಂದು ಕೆಮ್ಮು ಬಂದು ಗೆಲ್ಲಿಸಿದರೆ ನಾಳೆ ಕೆಮ್ಮು ಬಾರದೆ ಸೋಲಿಸುತ್ತದೆ. ನಮ್ಮ ಅವ್ವ ಯಾವ ಪುರಾವೆಗೆ ಕಾದಿದ್ದಳು?

ತೊಟ್ಟಿಲಿನಿಂದ ಮೊಮ್ಮಗನನ್ನು ಎತ್ತಿಕೊಂಡೆ. ಹಲ್ಲು ಬರುವ ಹೊತ್ತು, ಮುಷ್ಟಿಯನ್ನೇ ಕಡಿಯುತ್ತಿದ್ದ. "ಇವತ್ತ ಐತ್ವಾರ, ಶೈಲಾ ಮನ್ಯಾಗ ಇರ್ತಾಳ. ಇವನ್ನ ಒಂದೀಟ ಅಕಿ ಕಡೆ ಬಿಟ್ಟು ಬರ್ತೀನಿ. ನೀ ಬ್ಯಾಡ ಅಂದ್ರ ಹೋಗೂದಿಲ್ಲ, ಕೂಸು ನಿಂದು" ಎಂದೆ. ಅಶ್ವಿನಿ ಸರ್ರನೆ ಒಳಗೆ ಹೋದಳು. ಮುನಿಸಿಕೊಂಡಳು ಎಂದುಕೊಂಡು ಮೆಟ್ಟಿಲ ಬುಡದಲ್ಲೇ ನಿಂತೆ.

ಅವಳು ಹೊರಗೆ ಬಂದಾಗ ಕೈಯಲ್ಲಿ ಕೂಸಿನ ಕುಂಚಿಗೆ ಇತ್ತು. ಮಗನ ತಲೆಗೆ ಹಾಕಿ, ಗದ್ದದ ಕೆಳಗೆ ದಾರ ಕಟ್ಟಿದಳು. ಕಟ್ಟಿದ ಗಂಟನ್ನು ಬಿಚ್ಚಿ ಇನ್ನೊಮ್ಮೆ ಕಟ್ಟಿದಳು.

"ಮ್ಯಾಲ ಗಾಳಿ ಭಾಳ ಐತ್ರಿ ಅತ್ತಿ" ಎಂದಳು. "ಕೊಡ್ರಿ ಇಲ್ಲೆ. ನಾನ ಒಯ್ತೀನಿ."