ಲಿಂಗದೇವರು ತೋರಿಸಿದ ತೂತು

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಕೊರಳಲ್ಲಿರುವ ಲಿಂಗಕ್ಕೆ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ. ಹೋದ ವರ್ಷ ಶ್ರಾವಣದ ಒಂದು ಸೋಮವಾರ ನನ್ನ ಮೋಟಾರ್ ಬೋಟಿನಲ್ಲಿ ಹೈಸ್ಕೂಲಿಗೆ ಹೋಗುವ ಹುಡುಗಿಯರು ಕೂತಿದ್ದರು. ಭೀಮಾ ಹೊಳೆ ದಂಡೆ ತುಂಬಿ ನಿಂತಿತ್ತು. ಅರ್ಧ ಹೊಳೆ ದಾಟುವಷ್ಟರಲ್ಲಿ ಎಂಜಿನ್ನಿನ ಬುಡದಲ್ಲಿ ನೀರು ಕಾಣಿಸಿತು, ನೋಡನೋಡುತ್ತ ಪಾದ ಮುಳುಗಿತು. ಹುಡುಗಿಯರು ಡಬ್ಬಿಯಲ್ಲಿದ್ದ ರೊಟ್ಟಿ, ಪಲ್ಯ ಹೊಳೆಗೆ ಚೆಲ್ಲಿ, ಅದೇ ಡಬ್ಬಿಯಿಂದ ನೀರು ಮೊಗೆದು ಹಾಕಿದರು. ಹೇಗೋ ದಂಡೆ ಮುಟ್ಟಿದೆವು. ಮರುದಿನದಿಂದ ನನ್ನ ಬೋಟಿಗೆ ಒಬ್ಬರೂ ಹತ್ತಲಿಲ್ಲ.

ನಮ್ಮೂರು ಅಫಜಲಪುರ ತಾಲ್ಲೂಕಿನಲ್ಲಿ, ಸೊನ್ನದ ಬ್ಯಾರೇಜಿನ ಹಿನ್ನೀರಿನ ದಂಡೆಯಲ್ಲಿದೆ. ನನ್ನ ತವರು ಆಳಂದ ಕಡೆಯ ನಿಂಬರ್ಗಾ. ತೊಗರಿ ಹೊಲದಲ್ಲಿ ಬೆಳೆದ ನಾನು ಹೊಳೆ ನೋಡಿದ್ದೇ ಮದುವೆಯಾದ ಮೇಲೆ. ಬೋಟು ನಡೆಸುವುದನ್ನು ನನ್ನ ಯಜಮಾನರೇ ಕಲಿಸಿದ್ದರು. ಎದೆನೋವೆಂದು ಕಲಬುರಗಿಯ ಆಸ್ಪತ್ರೆಗೆ ಒಯ್ದವರನ್ನು ಜೀವಂತ ತರಲಾಗಲಿಲ್ಲ. ಹೆಂಗಸರು ಸೇರಿ ನನ್ನ ತಾಳಿ ತೆಗೆದರು, ಬಳೆ ಒಡೆದರು. ಲಿಂಗ ತೆಗೆಯುವ ಅಧಿಕಾರ ಯಾರಪ್ಪನಿಗೂ ಇರಲಿಲ್ಲ. ಕಾರ್ಯ ಮುಗಿಸಿ, ಮನೆ ನಡೆಯಬೇಕಲ್ಲ ಎಂದು ನಾನೇ ಎಂಜಿನ್ನಿನ ಹಗ್ಗ ಎಳೆದು ಬೋಟು ನಡೆಸತೊಡಗಿದೆ.

ಬೋಟಿನಲ್ಲಿ ನೀರು ಬರತೊಡಗಿದ್ದು ಅಲ್ಲಿಂದಲೇ. ಅದನ್ನು ನಾನೇನೂ ಮುಚ್ಚಿಡುವುದಿಲ್ಲ. ನಾನೊಬ್ಬಳೇ ಹೋದರೆ ಬೋಟು ಒಣಗಿರುತ್ತಿತ್ತು, ಜನ ಹತ್ತಿದರೆ ನೀರು. ಆಡಿಕೊಳ್ಳುವ ಬಾಯಿಗಳಿಗೆ ಇನ್ನೇನು ಬೇಕು? ಮುಂಡೆಯ ಕೈ ತಾಗಿದೆ, ಹೊಳೆಯ ಗಂಗವ್ವ ಮುನಿದಿದ್ದಾಳೆ, ಕುರಿ ಕೊಟ್ಟು ಬೋಟನ್ನು ಗಂಡಸಿನ ಕೈಗೆ ಒಪ್ಪಿಸಬೇಕು ಎಂದು ಕಟ್ಟೆಯ ಮೇಲೆ ಕೂತವರೆಲ್ಲ ತೀರ್ಮಾನ ಮಾಡಿದರು. ನನ್ನ ಮೈದುನ ಮಲ್ಲಣ್ಣ ಜೇವರ್ಗಿ ಕಡೆಯ ಒಬ್ಬ ಮೀನಿನ ಗುತ್ತಿಗೆದಾರನಿಗೆ ಬೋಟು ಮಾರುವ ಮಾತನ್ನೂ ಆಡಿ ಬಂದ. ಅಮಾವಾಸ್ಯೆ ಕಳೆದ ಕೂಡಲೇ ಒಯ್ಯುತ್ತಾರಂತೆ.

“ಹಟಾ ಬಿಡ್ರಿ ವೈನಿ. ನೀವು ಮನ್ಯಾಗ ಕುಂದರ್ರಿ, ನಿಮಗ ಎರಡು ಹೊತ್ತಿನ ರೊಟ್ಟಿ ನಾ ಹಾಕ್ತೇನಿ” ಎಂದ.

“ನಾ ಮನ್ಯಾಗ ಕುಂತ್ರ ತೂತು ತಾನ ಮುಚ್ಚತದೇನು?” ಎಂದು ಕೇಳಿದೆ.

ಕುರಿ ಕೊಡುವುದಿಲ್ಲ ಎಂದು ನಾನೂ ಕಡ್ಡಿ ಮುರಿದಂತೆ ಹೇಳಿಬಿಟ್ಟೆ. ಅಫಜಲಪುರದಿಂದ ಮೆಕ್ಯಾನಿಕ್ ಬಂದ. ಎಂಜಿನ್ ಕೂರಿಸಿದ ಹಿಂಬದಿಯ ಬೋಲ್ಟುಗಳನ್ನೆಲ್ಲ ಬಿಚ್ಚಿ ಬಿಗಿದ, ನೀರು ಹೊರಬಿಡುವ ಬಿರಡೆ ಬದಲಿಸಿದ, ಸಂದುಗಳಿಗೆಲ್ಲ ಅಂಟು ಮೆತ್ತಿದ. ಹೊಳೆಗಿಳಿಸಿ ಜನರ ಬದಲು ಉಸುಕಿನ ಚೀಲ ಹೇರಿ ನೋಡಿದರೆ ಮತ್ತೆ ಅದೇ ನೀರು, ಅದೇ ಹಿಂಬದಿಯಲ್ಲಿ. ಅವನು ಇನ್ನೊಮ್ಮೆ ಬಂದು ಮತ್ತೆ ಮೆತ್ತಿ ಹೋದ. ಏನೂ ಆಗಲಿಲ್ಲ. ಆ ವಾರ ನಾನು ಅನ್ನ ತಿಂದದ್ದು ಅಷ್ಟಕ್ಕಷ್ಟೇ. ಕಟ್ಟೆಯವರು ಹೇಳುವುದೇ ನಿಜವೋ ಏನೋ ಎಂಬ ಹುಳ ನನ್ನ ತಲೆಯನ್ನೂ ಹೊಕ್ಕಿತು. ಬೋಟು ಹೋಗುವುದಕ್ಕಿಂತ ಅದೇ ನನಗೆ ಹೆಚ್ಚು ನೋವು ಕೊಟ್ಟಿತು.

ಅಮಾವಾಸ್ಯೆ ನಾಳೆ ಎನ್ನುವ ದಿನ ಬೆಳಿಗ್ಗೆ ಪೂಜೆಗೆ ಕೂತೆ. ವಿಭೂತಿ ಹಚ್ಚಿಕೊಂಡು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು ನೀರೆರೆದೆ. ಕಣ್ಣೀರು ಬಂತು, ಹಿಂದೆಯೇ ಸಿಟ್ಟೂ ಬಂತು. ದೇವರ ಮುಂದೆ ಹೀಗೆ ಮಾತಾಡಬಾರದು ಅನ್ನುವವರು ಅನ್ನಲಿ, ನಾನು ಮಾತಾಡಿದೆ.

“ನನ್ನ ಕೈ ಕೆಟ್ಟದಿದ್ರ ಅದರ ಮ್ಯಾಲ ನೀ ಯಾಕ ಕುಂತಿ? ಇಳದು ಹೋಗು. ಇರಾಂವ ಇದ್ರ, ತೂತು ಎಲ್ಲಿ ಅದ ತೋರಸು.”

ಇಳಿದು ಹೋಗಲಿಲ್ಲ ನನ್ನಪ್ಪ. ಅಂಗೈ ಮೇಲೆ ತಣ್ಣಗೆ ಕೂತೇ ಇದ್ದ. ತೊಡೆಯ ಮೇಲೆ ಟಪ್ ಟಪ್ ಎಂದು ನೀರು ಬೀಳುತ್ತಿತ್ತು. ನೋಡಿದೆ. ನಾನು ಎರೆದದ್ದು ಅಂಗೈಗೆ. ನೀರು ಬೆರಳ ಸಂದಿನಿಂದ ಇಳಿದು, ತೋಳಿನಗುಂಟ ಹರಿದು, ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ನಿತ್ಯ ಹೀಗೆಯೇ ತೊಟ್ಟಿಕ್ಕುತ್ತದೆ, ಇಷ್ಟು ವರ್ಷ ನಾನು ನೋಡಿಯೇ ಇರಲಿಲ್ಲ. ತೊಟ್ಟಿಕ್ಕುತ್ತದೆಂದು ಮೊಣಕೈಗೆ ಅಂಟು ಮೆತ್ತಿದರೆ ಏನು ಬಂತು? ನಾವು ಬೋಟಿಗೆ ಮಾಡಿದ್ದೂ ಅದನ್ನೇ. ನೀರು ನಿಲ್ಲುವುದು ಹಿಂದೆ, ಒಳಗೆ ಬರುವುದು ಬೇರೆಲ್ಲಿಂದಲೋ.

ಪೂಜೆ ಮುಗಿಸಿ ನೇರ ದಂಡೆಗೆ ಹೋದೆ. ಬೋಟು ಅಲ್ಲಿ ಕಲ್ಲುಗಳ ಮೇಲೆ ಕೂತಿತ್ತು. ಹೊಳೆಯ ನೀರು ಒಳಗೆ ಹೇಗೆ ಬರುತ್ತದೆಂದು ಹುಡುಕುವ ಬದಲು, ಒಳಗೆ ನೀರು ತುಂಬಿದರೆ ಎಲ್ಲಿಂದ ಹೊರಗೆ ಹೋಗುತ್ತದೆ ನೋಡೋಣ ಎಂದುಕೊಂಡೆ. ಒಂದೊಂದೇ ಕೊಡ ಹೊತ್ತು ಸುರಿಯತೊಡಗಿದೆ. ಯಜಮಾನರು ಹೋದಾಗಿನಿಂದ ನನ್ನೊಡನೆ ಸರಿಯಾಗಿ ಮಾತಾಡದ ನನ್ನ ಅತ್ತೆ ಬಂದು ಸ್ವಲ್ಪ ಹೊತ್ತು ನಿಂತು ನೋಡಿದರು. ಆಮೇಲೆ ತಾವೂ ಒಂದು ಕೊಡ ತಂದರು. ಹಿಂಬದಿಯಲ್ಲಿ ನೀರು ಮೊಣಕಾಲುದ್ದ ನಿಂತರೂ ಹೊರಗೆ ಒಂದು ಹನಿ ಇಲ್ಲ. ಹಿಂಬದಿಯಲ್ಲಿ ತೂತೇ ಇಲ್ಲವೆಂದು ಖಾತ್ರಿಯಾಯಿತು. ಹಾರೆ ಹಾಕಿ ಹಿಂಬದಿಯನ್ನು ಎತ್ತಿ ಕೆಳಗೆ ಕಲ್ಲು ಕೊಟ್ಟೆವು. ನೀರೆಲ್ಲ ಮುಂದೆ, ಬೋಟಿನ ಮೂತಿಯ ಕಡೆ ಹೋಯಿತು. ಕೆಳಗೆ ಬಗ್ಗಿ ನೋಡಿದರೆ ಮೂತಿಯ ಅಡಿಯಿಂದ ತುಕ್ಕಿನ ಬಣ್ಣದ ನೀರು ತೊಟ್ಟಿಕ್ಕುತ್ತಿತ್ತು.

ಫೈಬರ್ ಬೋಟಿನಲ್ಲಿ ತುಕ್ಕು ಎಲ್ಲಿಯದು? ಮೂತಿಯ ಹಲಗೆ ಕಿತ್ತೆ. ಅದರಡಿ ಅರಿಶಿನ ಕುಂಕುಮ ಹಚ್ಚಿದ ಕುದುರೆ ಲಾಳ ಇತ್ತು. ಅದಕ್ಕೆ ಬಡಿದ ಮೊಳೆ ಬೋಟಿನ ತಳವನ್ನೇ ಸೀಳಿ ಆಚೆ ಹೋಗಿತ್ತು. ಒಬ್ಬಳೇ ಹೋದಾಗ ಮೂತಿ ನೀರಿನಿಂದ ಮೇಲಿರುತ್ತದೆ. ಜನ ಹತ್ತಿದಾಗ ತಗ್ಗಿ ಆ ತೂತು ಮುಳುಗುತ್ತದೆ. ನೀರು ಹಲಗೆಗಳ ಅಡಿಯಲ್ಲೇ ಹರಿದು ಹಿಂದೆ ಹೋಗಿ ನಿಲ್ಲುತ್ತದೆ.

ಮಲ್ಲಣ್ಣನನ್ನು ಕರೆಸಿದೆ. ಲಾಳ ನೋಡಿದವನೇ ತಲೆ ತಗ್ಗಿಸಿದ.

“ನಿಮ್ಮ ಕೈ ತಾಗಿ ಬೋಟಿಗಿ ಏನೂ ಆಗಬಾರದಂತ ನಾನs ಬಡದಿದ್ದೆ, ವೈನಿ.”

ನಾನು ಎಂಜಿನ್ನಿನ ಹಗ್ಗ ಹಿಡಿಯುವ ಹಿಂದಿನ ದಿನ ಬಡಿದಿದ್ದನಂತೆ. ನನಗೆ ನಗುವೂ ಬಂತು, ಸಿಟ್ಟೂ ಬಂತು. ಸಿಟ್ಟೇ ಹೆಚ್ಚು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಲಾಳವನ್ನು ಕಿತ್ತು ಅವನ ಕೈಗೆ ಕೊಟ್ಟು, ನಿನ್ನ ಗಿರಾಕಿಗೆ ಇದನ್ನು ಮಾರಿ ಬಾ ಎಂದರು.

ಬಸ್ಸು ಹತ್ತಿ ಕಲಬುರಗಿಗೆ ಹೋಗಿ ಫೈಬರ್ ಬಟ್ಟೆ, ಅದಕ್ಕೆ ಹಚ್ಚುವ ರೆಸಿನ್ ತಂದೆ. ತೂತಿನ ಸುತ್ತ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಮರಳು ಕಾಗದದಿಂದ ಉಜ್ಜಿ, ಒಳಗೂ ಹೊರಗೂ ಪದರ ಪದರವಾಗಿ ಬಟ್ಟೆ ಅಂಟಿಸಿದೆ. ಗಟ್ಟಿಯಾದ ಮೇಲೆ ಮತ್ತೆ ನೀರು ತುಂಬಿ ನೋಡಿದೆ. ಹನಿ ಇಳಿಯಲಿಲ್ಲ.

ಆದರೂ ಜನರ ಮನಸ್ಸು ಅಷ್ಟು ಬೇಗ ಒಣಗುತ್ತದೆಯೇ? ತೂತು ಮುಚ್ಚಿತಲ್ಲ, ಇನ್ನು ಮಲ್ಲಣ್ಣನೇ ನಡೆಸಲಿ ಎಂದರು. ದೀಪಾವಳಿ ಕಳೆದು ಒಂದು ಮದುವೆಯ ದಿಬ್ಬಣ ದಂಡೆಗೆ ಬಂತು. ಮದುಮಗಳ ತಾಯಿ ತಾಳಿಯಿಲ್ಲದ ನನ್ನ ಕೊರಳು ನೋಡಿ ಹಿಂದೆ ಸರಿದು, ಬೇರೆ ಯಾರೂ ಇಲ್ಲವೇ ಎಂದು ಕೇಳಿದರು.

“ಇಲ್ರಿ. ನಡಸಾಕಿ ನಾನs. ಹತ್ತೋದಿದ್ರ ಹತ್ರಿ” ಎಂದೆ.

ಮದುಮಗಳು ಸೀರೆ ಮೇಲೆತ್ತಿ ಹಿಡಿದು, “ಕೈ ಕೊಡ್ರಿ ಅಕ್ಕಾರ” ಎಂದು ಹಸಿರು ಬಳೆಗಳ ಕೈ ಚಾಚಿದಳು. ನನ್ನ ಕೈ ಹಿಡಿದು ಎಲ್ಲರಿಗಿಂತ ಮೊದಲು ಹತ್ತಿದಳು. ಅವಳ ಹಿಂದೆ ತಾಯಿಯೂ ಹತ್ತಿದರು. ನಡುಹೊಳೆಯಲ್ಲಿ ನಾನು ಅತ್ತದ್ದು ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಇದರಲ್ಲಿ ಪವಾಡ ಏನಿದೆ ಎಂದು ಕೇಳುವವರು ಕೇಳಲಿ. ಕೇಳಿದ್ದನ್ನು ತೋರಿಸಿಕೊಟ್ಟ ನನ್ನಪ್ಪನಿಗೆ ಶರಣು. ನನ್ನ ದೇವರಿಗೆ ನನ್ನ ಕೈ ಆಗಿಬಂದಿದೆ. ಯಾರಿಗೆ ಆಗಿಬರುವುದಿಲ್ಲವೋ ಅವರು ಬಸ್ಸು ಹತ್ತಿ ಸುತ್ತಿಕೊಂಡು ಹೋಗಲಿ.