ಗೌಂಡಿ ರೇವಪ್ಪ ಕಟ್ಟಿದ ಕಂಬ

ರೇವಪ್ಪ ಕಟ್ಟಿದ್ದು ಸೊಟ್ಟಗಿದೆ ಎಂದು ಹತ್ತು ಜನರ ಮುಂದೆ ಹೇಳಿದ ಮಹಾಪುರುಷ ನಾನೇ. ಆದ್ದರಿಂದ ಅವನ ಕಥೆಯನ್ನು ನಾನೇ ಹೇಳುವುದು ಒಳ್ಳೆಯದು. ಬೇರೆಯವರು ಹೇಳಿದರೆ ಉಪ್ಪುಖಾರ ಹಚ್ಚಿ ಹೇಳುತ್ತಾರೆ.

ನಾನು ಮಲ್ಲಿನಾಥ, ಭಾಲ್ಕಿ ಕಡೆಯವನು. ಮರಾಠಿ ಸೀಮೆಯ ಸಂಭಾಜಿನಗರದಲ್ಲಿ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟು ಇಪ್ಪತ್ತೆರಡು ವರ್ಷವಾಯಿತು. ರೇವಪ್ಪ ಆಳಂದ ತಾಲೂಕಿನವನು. ಹೆಂಡತಿ ರೇಣವ್ವನ ಜೊತೆ ಇಟ್ಟಿಗೆ ಹೊರಲು ಈ ಊರಿಗೆ ಬಂದು, ನೋಡನೋಡುತ್ತ ಗೌಂಡಿಯಾದ. ಮನೆ ಕಟ್ಟಿಸುವವರು ಒಳ್ಳೆಯ ಗೌಂಡಿ ಯಾರಿದ್ದಾರೆ ಎಂದು ನನ್ನ ಅಂಗಡಿಯಲ್ಲೇ ಕೇಳುತ್ತಾರೆ, ನಾನು ಅವನ ಹೆಸರು ಹೇಳುತ್ತೇನೆ. ಅವನಿಗೆ ಬೋರ್ಡಿಲ್ಲ, ಕಾರ್ಡಿಲ್ಲ, ಇರುವುದು ಆ ಹೆಸರೊಂದೇ. ಅಂಗಿಯ ಜೇಬಿನಲ್ಲಿ ಯಾವಾಗಲೂ ದಾರ ಸುತ್ತಿದ ಹಿತ್ತಾಳೆಯ ಗುಂಡು ಇರುತ್ತದೆ. ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಅದನ್ನು ಮೇಲಿನಿಂದ ಇಳಿಬಿಡುತ್ತಾನೆ. ಒಮ್ಮೆ ಚಹಾ ಕುಡಿಯುತ್ತ ನನ್ನ ಅಂಗಡಿಯ ಬಾಗಿಲಿಗೇ ಇಳಿಬಿಟ್ಟು, "ಅರ್ಧಾ ಬೆರಳು ವಾಲ್ಯದರಿ ಸಾವಕಾರ್ರ" ಅಂದಿದ್ದ. ಯಾರು ಕೇಳಿದ್ದರು ಅವನನ್ನು!

ಹೋದ ಬೇಸಿಗೆಯಲ್ಲಿ ನಿರುಪಮಾ ಅಂಗಡಿಗೆ ಬಂದಳು. ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸುತ್ತಾಳೆ. ಮನೆತನ ಕಲಬುರಗಿಯದಾದರೂ ಹುಟ್ಟಿ ಬೆಳೆದದ್ದು ಇಲ್ಲೇ. ಅವಳೂ ಅವಳ ಗೆಳತಿಯರೂ ಶಾಲೆಯಿಂದ ಶಾಲೆಗೆ ಅಲೆದು ಮಕ್ಕಳಿಗೆ ಗ್ರಹ, ನಕ್ಷತ್ರ, ಉಪಗ್ರಹಗಳ ಪಾಠ ಹೇಳುತ್ತಾರೆ, ಅದೂ ಪುಕ್ಕಟೆಯಾಗಿ.

"ಕಾಕಾ, ವರ್ಷದಾಗ ಎರಡು ದಿವಸ ಸೂರ್ಯ ನಮ್ಮ ಊರಾಗ ಏಕದಮ್ ತಲಿ ಮ್ಯಾಲ ಬರ್ತಾನ. ಆವಾಗ ನೆಟ್ಟಗಿದ್ದದ್ದರ ನೆರಳು ಕಾಣ್ಸಂಗಿಲ್ಲ. ಮಕ್ಕಳಿಗೆ ತೋರಿಸ್ಲಿಕ್ಕೆ ಶಾಳೆದಾಗ ಒಂದು ಖಾಂಬ ಬೇಕು. ಬಿಲ್ಕುಲ್ ಸೀದಾ ಇರಬೇಕು" ಅಂದಳು.

ನಾನು ಸಿಮೆಂಟು ಕೊಟ್ಟೆ, ರೇವಪ್ಪನನ್ನೂ ಕಳಿಸಿದೆ. ಆಳೆತ್ತರದ ಕಂಬಕ್ಕೆ ಅವನು ಮೂರು ದಿನ ತೆಗೆದುಕೊಂಡ. ಒಮ್ಮೆ ಕೆಡವಿ ಮತ್ತೆ ಕಟ್ಟಿದ. ಅದನ್ನು ನೋಡಿದ ಮುಖ್ಯಾಧ್ಯಾಪಕಿ ಶಾಲೆಯ ಎರಡು ಹೊಸ ಕೋಣೆಗಳ ಕೆಲಸವೂ ನಿನಗೇ ಎಂದರು. ದಿನಾ ಬೆಳಗಾದರೆ ಕೆಲಸ ಹುಡುಕುವವನಿಗೆ ಆರು ತಿಂಗಳು ಒಂದೇ ಕಡೆ ಕೆಲಸವೆಂದರೆ ಹಬ್ಬವೇ. ರೇಣವ್ವ ಅಂದು ಗೋಧಿ ಹುಗ್ಗಿ ಮಾಡಿದಳು, ನನಗೂ ಒಂದು ಡಬ್ಬಿ ಬಂತು.

ನೆರಳಿಲ್ಲದ ಆ ದಿನ ಬಂತು. ಬೇಸಿಗೆ ಶಿಬಿರದ ನೂರು ಮಕ್ಕಳನ್ನು ನಿರುಪಮಾ ಒಳಗೆ ಕೂರಿಸಿಕೊಂಡು ಚಿತ್ರ ತೋರಿಸುತ್ತಿದ್ದಳು. ಮುಖ್ಯ ಅತಿಥಿಗಳಿಗೆ ಪೈಠಣದಲ್ಲಿ ಮದುವೆಯ ಊಟ ಕಾಯುತ್ತಿತ್ತು. ಮಧ್ಯಾಹ್ನ ಅಂದರೆ ಹನ್ನೆರಡು ತಾನೆ ಎಂದು ಅವರು ಎದ್ದು ಅಂಗಳಕ್ಕೆ ಬಂದರು. ಹಿಂದೆ ಮುಖ್ಯಾಧ್ಯಾಪಕಿ, ನಾಲ್ಕಾರು ಪಾಲಕರು, ನಾನು. ರೇವಪ್ಪ ಕಂಬದ ಹತ್ತಿರ ಮೊದಲೇ ಬಂದು ನಿಂತಿದ್ದ. ಗಡಿಯಾರದಲ್ಲಿ ಸರಿಯಾಗಿ ಹನ್ನೆರಡು. ಕಂಬದ ಬುಡದಲ್ಲಿ ಒಂದು ಗೇಣು ನೆರಳು ಆರಾಮಾಗಿ ಮಲಗಿತ್ತು.

ಕಂಬ ವಾಲಿದೆ ಎಂದು ಅತಿಥಿಗಳು ಮರಾಠಿಯಲ್ಲಿ ನಕ್ಕರು. ಮುಖ್ಯಾಧ್ಯಾಪಕಿ ನನ್ನ ಮುಖ ನೋಡಿ, ಕೋಣೆಗಳ ವಿಷಯ ಆಮೇಲೆ ನೋಡೋಣ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಶಿಫಾರಸು ಮಾಡಿದವನು ನಾನಲ್ಲವೇ?

"ಏನೋ ರೇವಪ್ಪಾ, ಮೂರು ದಿನ ತಗೊಂಡು ಸೊಟ್ಟ ಕಟ್ಟಿಯಲ್ಲೋ! ನನ್ನ ಮಾನಾ ಕಳದಿ!"

ಅವನ ಮುಖ ಕಪ್ಪಿಟ್ಟಿತು. ಸಾಮಾನಿನ ಚೀಲ ಎತ್ತಿಕೊಂಡು ಹೋಗುತ್ತಾನೆ ಅಂದುಕೊಂಡೆ. ಅವನು ಜೇಬಿನಿಂದ ಗುಂಡು ತೆಗೆದು, ಸ್ಟೂಲು ಹತ್ತಿ, ಕಂಬದ ನಾಲ್ಕೂ ಕಡೆ ಇಳಿಬಿಟ್ಟು ನೋಡಿ ಕೆಳಗಿಳಿದ.

"ಖಾಂಬ ನೆಟ್ಟಗದರಿ. ಹೊತ್ತು ಇನ್ನಾ ಆಗಿಲ್ಲ."

"ಕುಣಿಯಾಕ ಬರದಾಕಿ ನೆಲಾ ಡೊಂಕು ಅಂದಳಂತ! ಹನ್ನೆರಡು ಹೊಡೀತಲ್ಲೋ?"

"ಗಡಿಯಾರದಾಗ ಹೊಡದಿರಬೇಕ್ರಿ, ನೆರಳಿನಾಗ ಹೊಡದಿಲ್ಲ. ಇಪ್ಪತ್ತು ವರ್ಷ ಆತು, ಗ್ವಾಡಿ ನೆರಳು ಬುಡಕ್ಕ ಬಂದ ಮ್ಯಾಲೇ ನಾವು ಬುತ್ತಿ ಬಿಚ್ಚೂದು. ಊಟಕ್ಕ ತಡಾ ಮಾಡ್ತೀರಿ ಅಂತ ಠೇಕೇದಾರ ದಿನಾ ಬೈತಾರ. ಹನ್ನೆರಡು ಹೊಡದ ಮ್ಯಾಲ ಇನ್ನಾ ಅರ್ಧಾ ತಾಸು ಹತ್ತಿರ ಬೇಕ್ರಿ. ನೋಡ್ರಿ, ನೆರಳು ಇನ್ನಾ ಪಡುವಲ ಕಡೆ ಅದ."

ಅತಿಥಿಗಳು ಕಾರು ಹತ್ತಿದರು. ರೇವಪ್ಪ ಬಿಸಿಲಲ್ಲೇ ಕಂಬದ ಪಕ್ಕ ಕುಕ್ಕರಗಾಲಲ್ಲಿ ಕೂತ. ನಾನು ಬೇವಿನ ಮರದ ಕೆಳಗೆ ನಿಂತೆ. ನಂಬಿ ನಿಂತೆನೆಂದು ಹೇಳಿದರೆ ಸುಳ್ಳಾಗುತ್ತದೆ, ಅವನನ್ನು ಇನ್ನೊಮ್ಮೆ ಬೈಯಲೆಂದೇ ನಿಂತಿದ್ದೆ. ಆದರೆ ಗೇಣು ನೆರಳು ನಾಲ್ಕು ಬೆರಳಾಯಿತು. ನಾಲ್ಕು ಬೆರಳು ಎರಡಾಯಿತು. ನಾನು ಬೇವಿನ ನೆರಳು ಬಿಟ್ಟು ಕಂಬದ ಹತ್ತಿರ ಬಂದೆ.

ಹನ್ನೆರಡೂ ಇಪ್ಪತ್ತಕ್ಕೆ ನಿರುಪಮಾ ಮಕ್ಕಳನ್ನು ಕರೆತಂದಳು. ಅತಿಥಿ ಎಲ್ಲಿ ಎಂದು ಸುತ್ತ ನೋಡಿದಳು. "ಹನ್ನೆರಡೂ ಇಪ್ಪತ್ತೈದಕ್ಕ ಅಂತ ಆಮಂತ್ರಣದಾಗ ಬರೆದಿದ್ದೆನಲ್ಲಾ ಕಾಕಾ!" ಅಂದಳು. ನಮ್ಮ ದೇಶದ ಗಡಿಯಾರ ನಮಗಿಂತ ಪೂರ್ವಕ್ಕಿರುವ ಊರುಗಳ ಹೊತ್ತಿಗೆ ಹೊಂದಿಸಿದ್ದು, ಅದಕ್ಕೇ ಸೂರ್ಯ ನಮ್ಮ ನೆತ್ತಿಗೆ ಬರುವುದು ತಡ ಎಂದು ಮಕ್ಕಳಿಗೆ ಬಿಡಿಸಿ ಹೇಳಿದಳು. ಆಮಂತ್ರಣ ನನ್ನ ಜೇಬಿನಲ್ಲೇ ಇತ್ತು. ಅದರಲ್ಲಿ ನನ್ನ ಹೆಸರು ಇದೆಯೋ ಎಂದಷ್ಟೇ ನೋಡಿದ್ದೆ.

ಹನ್ನೆರಡೂ ಇಪ್ಪತ್ತೈದಕ್ಕೆ ಕಂಬದ ಸುತ್ತ ಎಲ್ಲಿಯೂ ನೆರಳಿರಲಿಲ್ಲ. ಮಕ್ಕಳು ಕಿರುಚಿದ ಸದ್ದಿಗೆ ಬೇವಿನ ಮರದ ಕಾಗೆಗಳೆಲ್ಲ ಎದ್ದವು. ಮುಖ್ಯಾಧ್ಯಾಪಕಿ ಕಂಬಕ್ಕೆ ಎರಡು ಸುತ್ತು ಹಾಕಿ, ರೇವಪ್ಪನ ಹತ್ತಿರ ಬಂದು, ಸೋಮವಾರದಿಂದ ಕೋಣೆಗಳ ಪಾಯ ತೆಗೆ ಎಂದರು. ಅವನು ತಲೆಗೆ ಸುತ್ತಿದ್ದ ಟವೆಲು ಬಿಚ್ಚಿ ಮುಖ ಒರೆಸಿಕೊಂಡ, ಬಹಳ ಹೊತ್ತು ಒರೆಸಿಕೊಂಡ.

ಮಕ್ಕಳಿಗೆ ಆ ಗುಂಡನ್ನೂ ನೋಡಬೇಕಿತ್ತು. "ಸಾವಕಾರ್ರ, ಹಿಡೀರಿ" ಎಂದು ರೇವಪ್ಪ ದಾರದ ತುದಿಯನ್ನು ನನ್ನ ಕೈಗೇ ಕೊಟ್ಟ. ತೂಗುವ ಗುಂಡಿನ ನೆರಳು ಅದರ ಅಡಿಯಲ್ಲೇ ಒಂದು ಕಪ್ಪು ಬೊಟ್ಟಾಗಿ ಬೀಳಬೇಕಿತ್ತು. ಬೊಟ್ಟು ಆ ಕಡೆ ಈ ಕಡೆ ಓಡಾಡತೊಡಗಿತು.

"ಅಲುಗಾಡೂದು ನಿಮ್ಮ ಕೈರಿ, ಖಾಂಬ ಅಲ್ಲ" ಅಂದ.

ಮಕ್ಕಳು ನಕ್ಕರು. ನನಗೆ ನಾಚಿಕೆಯಾಯಿತು, ಬಾಯಿಬಿಟ್ಟು ಹೇಳಿಯೇಬಿಡುತ್ತೇನೆ. "ತಪ್ಪಾತು ರೇವಪ್ಪಾ. ನಾ ಸೊಟ್ಟ ಅಂದಿದ್ದು ತಪ್ಪಾತು" ಎಂದು ಗಟ್ಟಿಯಾಗಿ ಅಂದೆ. ಹತ್ತು ಜನರ ಮುಂದೆ ಆಡಿದ್ದನ್ನು ನೂರು ಮಕ್ಕಳ ಮುಂದೆ ಹಿಂದಕ್ಕೆ ತೆಗೆದುಕೊಂಡೆ. ಅವನು ನನ್ನ ಕೈಯಿಂದ ಗುಂಡು ತಗೊಂಡು, ದಾರ ಸುತ್ತಿ ಜೇಬಿಗಿಟ್ಟ.

ಸಂಜೆ ಹೊಸ ದಾರದ ಉಂಡೆ ಬೇಕೆಂದು ಅಂಗಡಿಗೆ ಬಂದ. ಮರುದಿನ ನಾಸಿಕ್ ರೋಡ್ ಊರಿನ ಒಂದು ಶಾಲೆಯಲ್ಲಿ ಇದನ್ನೇ ತೋರಿಸಬೇಕು, ಅಲ್ಲಿ ಕಂಬವಿಲ್ಲ, ಗುಂಡು ತಗೊಂಡು ಬಾ ಎಂದು ನಿರುಪಮಾ ಕರೆದಿದ್ದಳಂತೆ. ಆ ಊರು ತುಸು ಬಡಗಣಕ್ಕಿರುವುದರಿಂದ ಒಂದು ದಿನ ತಡ, ಇನ್ನೂ ಪಡುವಣಕ್ಕಿರುವುದರಿಂದ ಹೊತ್ತು ಆರು ನಿಮಿಷ ತಡವಂತೆ. ಅವನು ಉಂಡೆ ಜೇಬಿಗಿಟ್ಟು ಮೆಟ್ಟಿಲಿಳಿದು ನಿಂತ.

"ಬೆಳಗಿನ ಗಾಡಿಗೆ ನೀವೂ ಬರ್ರಿ ಸಾವಕಾರ್ರ. ಗುಂಡು ಹಿಡ್ಯಾಕ ಯಾರರೆ ಬೇಕಲ್ಲ."

ಅಂಗಡಿಗೆ ಬೀಗ ಹಾಕಿ ಹೋದೆ. ಹನ್ನೆರಡೂ ಮೂವತ್ತೊಂದಕ್ಕೆ, ಉಸಿರು ಬಿಗಿಹಿಡಿದು, ಕೈ ಅಲುಗಿಸದೆ ನಿಂತೆ.