ನಾನು ಕೊಟ್ಟ ಕ್ಷಮೆ

ಪವಿತ್ರಾ, ನೀನು ನನ್ನ ಕಣ್ಣಿಗೆ ಮಣ್ಣೆರಚಲಿಲ್ಲ. ನೀನು ಉಣ್ಣುತ್ತಿಲ್ಲವೆಂದು ನನಗೆ ಗೊತ್ತಿತ್ತು.

ರೊಟ್ಟಿಯನ್ನು ವೇಲಿನಲ್ಲಿ ಮುಚ್ಚಿಕೊಂಡು ಹೋಗಿ ಎಮ್ಮೆಗೆ ಹಾಕುವುದನ್ನು ಹಿತ್ತಿಲ ಬಾಗಿಲಲ್ಲಿ ನಿಂತು ನೋಡಿದ್ದೆ. ತಿಂಗಳ ಮುಟ್ಟು ನಿಂತದ್ದೂ ತಿಳಿದಿತ್ತು. ಆದರೆ ಕುಂದಗೋಳದ ಬೀಗರು ಮೊದಲ ಸಲ ನಿನ್ನನ್ನು ನೋಡಲು ಬಂದಾಗ ‘ಹುಡುಗಿ ಸ್ವಲ್ಪ ದಪ್ಪ ಅದಾಳ’ ಎಂದು ಎದ್ದು ಹೋದವರು, ಈಗ ತಾವಾಗಿಯೇ ಹೇಳಿಕಳಿಸಿದ್ದರು. ನಮ್ಮೂರು ಮೊರಬದ ಹೆಂಗಸರು ನಿನ್ನ ಒಪ್ಪತ್ತಿನ ವ್ರತವನ್ನು ಹೊಗಳುತ್ತಿದ್ದರು. ನಾನು — ನನಗೆ ಹಿತವಾಗಿತ್ತು.

ನವಲಗುಂದದ ಡಾಕ್ಟರು ನಿನ್ನ ತೂಕ ನೋಡಿ ಹುಬ್ಬುಗಂಟಿಕ್ಕಿದರು. “ಊಟ ಸರಿ ಮಾಡ್ತಾಳೇನ್ರಿ?”

ತಲೆ ಜಡ್ಡು, ಮನಸ್ಸಿನ ಕಾಯಿಲೆ ಎಂದು ಬರೆದುಬಿಟ್ಟರೆ? ಬೀಗರ ಕಿವಿಗೆ ಬಿದ್ದರೆ?

“ಎರಡು ರೊಟ್ಟಿ ತಿಂತಾಳ್ರಿ, ನನ್ನ ಮುಂದನ,” ಎಂದೆ.

ನೀನು ತಲೆ ತಗ್ಗಿಸಿದೆ. ಅವರು ರಕ್ತಪರೀಕ್ಷೆಗೆ, ಟಾನಿಕ್ಕಿಗೆ ಬರೆದುಕೊಟ್ಟರು. ಎಂಟು ದಿನಕ್ಕೆ ನೀನು ನಲ್ಲಿಯ ಹತ್ತಿರ ಬಿದ್ದೆ.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ನಿನ್ನ ನಾಡಿ ಎಷ್ಟು ನಿಧಾನವಾಗಿತ್ತೆಂದರೆ ಯಂತ್ರದ ಸದ್ದು ನಿಲ್ಲುತ್ತದೇನೋ ಎಂದು ಕಾಯುತ್ತ ಕೂತಿದ್ದೆ. ಗಂಜಿ ಹಿಡಿದು ಓಡಿಬಂದರೆ ನರ್ಸು ತಡೆದಳು. “ಒಮ್ಮೆಲೆ ಉಣಿಸಬ್ಯಾಡ್ರಿ. ಇಷ್ಟ್ ದಿನ ಹಸಿದ ಮೈಗೆ ಅದೂ ಅಪಾಯ.” ದಿನವೂ ರಕ್ತ ನೋಡಿ, ಅಳತೆ ಮಾಡಿ ಕೊಟ್ಟರು. ಆಮೇಲೆ ಮನೋವೈದ್ಯರು ನಮ್ಮನ್ನು ಕೂರಿಸಿಕೊಂಡು ಹೇಳಿದರು: “ಇದು ಹಟ ಅಲ್ರಿ, ವ್ರತಾನೂ ಅಲ್ಲ. ಜಡ್ಡು. ಈಗ ಈಕಿಗೆ ಊಟನ ಔಷಧ. ಮೂರೂ ಹೊತ್ತು ಬಾಜೂಕ ಕೂಡ್ರಿ, ಬೈಯಬ್ಯಾಡ್ರಿ.” ಮತ್ತೆ, “ಮೊದಲ ಗೊತ್ತಾಗಿದ್ರ ಇಲ್ಲಿತನಕಾ ಬರ್ತಿರಲಿಲ್ಲ,” ಎಂದರು.

ಆಗ ನೀನು ಎಲ್ಲರ ಮುಂದೆ ನನ್ನ ಕೈ ಹಿಡಿದೆ. “ಯವ್ವಾ, ನಿನಗ ಮೋಸ ಮಾಡಿದೆ. ತಪ್ಪಾತು ಬೇ.”

ನಿಮ್ಮಪ್ಪ ನನ್ನ ಮುಖ ನೋಡುತ್ತಿದ್ದರು. ಡಾಕ್ಟರೂ.

“ಹೋಗ್ಲಿ ಬಿಡವಾ,” ಎಂದೆ. “ನಾ ಕ್ಷಮಿಸೀನಿ.”

ಒಂದು ಚಪಾತಿಗೆ ಒಂದು ತಾಸು — ನೀನು ಅಳುತ್ತ ತಾಟು ಎಸೆದೆ, ಮತ್ತೆ ಕೂತೆ. ಆ ಸಂಬಂಧ ತಪ್ಪಿತು, ನೀನು ಉಳಿದೆ. ಎರಡು ವರ್ಷವಾಯಿತು, ಮೈಯಲ್ಲಿ ಜೀವ ಬಂದಿದೆ. ಆದರೂ ಪ್ರತಿ ಊಟದ ಕೊನೆಗೆ ಖಾಲಿ ತಾಟನ್ನು ನನ್ನತ್ತ ವಾಲಿಸಿ, “ನೋಡ್ ಬೇ, ಪೂರಾ ತಿಂದೇನಿ,” ಎನ್ನುತ್ತೀ — ತಪ್ಪೊಪ್ಪಿಕೊಂಡವರ ಹಾಗೆ. ಅದನ್ನು ನೋಡಿಯೂ ನಾನು —

ಗುರುವಾರ ಹುಬ್ಬಳ್ಳಿಯ ಡಾಕ್ಟರ ಹತ್ತಿರ ಹೋಗುವುದಿದೆ. ಅವರಿಗೂ ನಿಮ್ಮಪ್ಪನಿಗೂ ಅಲ್ಲೇ ಎಲ್ಲವನ್ನೂ ಹೇಳುತ್ತೇನೆ. ಅದಕ್ಕೆ ಮೊದಲು ನಿನಗೆ ತಿಳಿಯಬೇಕೆಂದು ಇದನ್ನು ಬರೆದೆ. ನೀನು ನನ್ನನ್ನು ಕ್ಷಮಿಸಬೇಕೆಂದಲ್ಲ.